ಬಾಡಿಗೆ ಬಾಕಿ ಇದೆ ಅಂದ ಮಾತ್ರಕ್ಕೆ ಓನರ್ ಬೀಗ ಹಾಕಬಹುದಾ?

ಪ್ರಶ್ನೆ: ನಾವು ಬೆಂಗಳೂರಿನ ಪೀಣ್ಯದ ಹತ್ತಿರ ಬಾಡಿಗೆ ಮನೆಯಲ್ಲಿದ್ದೇವೆ. ತಿಂಗಳಿಗೆ 13,000 ಬಾಡಿಗೆ. ಅಡ್ವಾನ್ಸ್ 80,000 ಕೊಟ್ಟಿದ್ದೇವೆ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದು ಒಂದೂವರೆ ವರ್ಷವಾಯಿತು, ಹೊಸದು ಬರೆಸಿಲ್ಲ. ನಮ್ಮ ಮನೆಯವರು ಕೆಲಸ ಮಾಡುತ್ತಿದ್ದ ಫ್ಯಾಕ್ಟರಿ ಮುಚ್ಚಿತು. ನಾಲ್ಕು ತಿಂಗಳ ಬಾಡಿಗೆ ನಿಂತುಹೋಗಿದೆ. ಓನರ್ ಇಬ್ಬರು ಹುಡುಗರನ್ನು ಕಳಿಸಿ ಬಾಗಿಲ ಮುಂದೆ ಕೂಗಾಡಿಸಿದರು. ಒಂದು ರಾತ್ರಿ ಫ್ಯೂಸ್ ಕಿತ್ತರು. ಈಗ ವಕೀಲರ ನೋಟಿಸ್ ಬಂದಿದೆ. ಹದಿನೈದು ದಿನದಲ್ಲಿ ಬಾಕಿ ಕಟ್ಟಿ ಮನೆ ಖಾಲಿ ಮಾಡಬೇಕಂತೆ. ಇಲ್ಲದಿದ್ದರೆ ಬೀಗ ಹಾಕುತ್ತೇನೆ, ಸಾಮಾನು ಎತ್ತಿಸುತ್ತೇನೆ, ಪೊಲೀಸರಿಗೆ ಹೇಳಿ ಒಳಗೆ ಹಾಕಿಸುತ್ತೇನೆ ಅನ್ನುತ್ತಾರೆ. ಬಾಡಿಗೆ ಕೊಡದಿರುವುದು ನಮ್ಮದೇ ತಪ್ಪು. ಹಾಗಿರುವಾಗ ಮಾತಾಡುವ ಹಕ್ಕಾದರೂ ನಮಗೆ ಇದೆಯಾ?

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ, ಮೇಡಂ. ಹಕ್ಕು ಇದೆ. ಬಾಕಿ ಇಟ್ಟುಕೊಂಡಿರುವಾಗಲೂ ಇದೆ. ಬಾಡಿಗೆ ದಾವೆಗಳಲ್ಲಿ ನಾನು ನೋಡಿದ ಹೆಚ್ಚಿನ ಬಾಡಿಗೆದಾರರು ಸೋತಿದ್ದು ಕಾನೂನಿನಿಂದಲ್ಲ. "ದುಡ್ಡು ಕೊಟ್ಟಿಲ್ಲ, ಯಾವ ಮುಖ ಇಟ್ಕೊಂಡು ಮಾತಾಡೋದು" ಅಂತ ಸುಮ್ಮನಾಗಿ, ನೋಟಿಸಿಗೂ ಉತ್ತರ ಕೊಡದೆ, ಕೋರ್ಟಿಗೂ ಹೋಗದೆ ಕೂತದ್ದರಿಂದ ಸೋತರು.

ಇಲ್ಲಿ ಎರಡು ವಿಷಯ ಒಂದಕ್ಕೊಂದು ಸಿಕ್ಕಿಹಾಕಿಕೊಂಡಿವೆ. ಬಾಕಿ ಹಣ ಒಂದು, ಮನೆಯ ಸ್ವಾಧೀನ ಇನ್ನೊಂದು. ನೀವು ಓನರ್‌ಗೆ 52,000 ಕೊಡಬೇಕು, ಅದು ನಿಜ. ಅದನ್ನು ವಸೂಲು ಮಾಡುವ ಹಕ್ಕು ಅವರಿಗಿದೆ. ಆದರೆ ಮನೆ ಈಗ ನಿಮ್ಮ ಸ್ವಾಧೀನದಲ್ಲಿದೆ. ಅದನ್ನು ನಿಮ್ಮ ಕೈಯಿಂದ ಬಿಡಿಸಿಕೊಳ್ಳಬೇಕಾದರೆ ಒಂದೋ ನೀವಾಗಿ ಬಿಡಬೇಕು, ಇಲ್ಲವೇ ಕೋರ್ಟ್ ಆದೇಶ ಬೇಕು. ನಡುವೆ ಮೂರನೇ ದಾರಿ ಇಲ್ಲ. 1989ರಲ್ಲಿ ಕೃಷ್ಣ ರಾಮ್ ಮಹಾಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಒಬ್ಬರು ಒಂದು ಜಾಗದಲ್ಲಿ ನೆಲೆಯಾಗಿ ಇದ್ದರೆ, ಅಲ್ಲಿ ಇರಲು ಅವರಿಗೆ ಹಕ್ಕೇ ಇಲ್ಲ ಅಂತ ಇಟ್ಟುಕೊಂಡರೂ, ಮಾಲೀಕ ಕಾನೂನಿನ ದಾರಿ ಬಿಟ್ಟು ಅವರನ್ನು ಹೊರಹಾಕುವಂತಿಲ್ಲ. ನೀವೇನು ಕಳ್ಳರ ಹಾಗೆ ಒಳನುಗ್ಗಿದವರಲ್ಲ. ಅಡ್ವಾನ್ಸ್ ಕೊಟ್ಟು, ಓನರ್ ಕೈಯಿಂದಲೇ ಬೀಗದ ಕೈ ತಗೊಂಡು ಬಂದವರು.

ಅಗ್ರಿಮೆಂಟಿನಲ್ಲಿ "ಎರಡು ತಿಂಗಳು ಬಾಡಿಗೆ ಕೊಡದಿದ್ದರೆ ಮಾಲೀಕರು ಬೀಗ ಹಾಕಬಹುದು" ಅಂತ ಒಂದು ಸಾಲು ಇರಬಹುದು, ಒಮ್ಮೆ ತೆಗೆದು ನೋಡಿ. ಟೈಪ್ ಮಾಡುವ ಅಂಗಡಿಗಳಲ್ಲಿ ಒಂದೇ ನಮೂನೆ ಎಲ್ಲರಿಗೂ ಹೊಡೆದು ಕೊಡುತ್ತಾರೆ, ಅದರಲ್ಲಿ ಇಂಥ ಸಾಲು ಇದ್ದೇ ಇರುತ್ತದೆ. ನೀವು ಸಹಿ ಹಾಕಿದ್ದೀರಿ ಅಂದ ಮಾತ್ರಕ್ಕೆ ಆ ಸಾಲಿಗೆ ಬಲ ಬರುವುದಿಲ್ಲ. ಕೋರ್ಟಿನ ಕೆಲಸವನ್ನು ಓನರ್ ಕೈಗೆ ಕೊಡಲು ಅಗ್ರಿಮೆಂಟಿನಿಂದ ಆಗದು. ದಿನಕ್ಕೆ 500 ದಂಡ ಅನ್ನುವಂಥ ಸಾಲಿನ ಕಥೆಯೂ ಬೇರೆಯಲ್ಲ. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಕೋರ್ಟ್ ಕೊಡಿಸುವುದು ನ್ಯಾಯವಾದ ಪರಿಹಾರ ಮಾತ್ರ. ಬರೆದಿರುವ ದಂಡ ಪೂರ್ತಿ ಸಿಗಲೇಬೇಕು ಅಂತಿಲ್ಲ.

ಬೀಗದ ವಿಷಯ ಬಂದಾಗಲೆಲ್ಲ ನನಗೆ ಒಬ್ಬ ಹೆಣ್ಣುಮಗಳು ನೆನಪಾಗುತ್ತಾರೆ. ಸಂಜೆ ಆರೂವರೆಗೆ ಆಫೀಸಿಗೆ ಬಂದರು. ಪಕ್ಕದಲ್ಲಿ ಮಗ, ಯೂನಿಫಾರಂ ಇನ್ನೂ ಮೈಮೇಲೇ ಇತ್ತು. ಅವನನ್ನು ಸ್ಕೂಲಿಂದ ಕರೆತರಲು ಹೋದ ಮುಕ್ಕಾಲು ಗಂಟೆಯಲ್ಲಿ ಓನರ್ ಬಾಗಿಲಿಗೆ ಇನ್ನೊಂದು ಬೀಗ ಜಡಿದಿದ್ದರು. ಒಳಗೆ ನೆನೆಹಾಕಿದ ಅಕ್ಕಿ, ಅತ್ತೆಯ ಬಿಪಿ ಮಾತ್ರೆ. ಆದರೆ ಆಕೆ ಒಂದು ಕೆಲಸ ಸರಿಯಾಗಿ ಮಾಡಿದ್ದರು. ಬಾಗಿಲ ಫೋಟೊ ತೆಗೆದಿದ್ದರು. ಚಿಲಕದಲ್ಲಿ ಎರಡು ಬೀಗ. ಹಳೆಯದು ತುಕ್ಕು ಹಿಡಿದದ್ದು, ಇವರದು. ಹೊಸದರ ಮೇಲಿನ ಪ್ಲಾಸ್ಟಿಕ್ ಕೂಡ ಇನ್ನೂ ಕಿತ್ತಿರಲಿಲ್ಲ. ಸ್ಟೇಷನ್‌ನಲ್ಲಿ ಮೊದಲು "ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ" ಅಂದವರು, ಆ ಫೋಟೊ ನೋಡಿದ ಮೇಲೆ ಓನರ್‌ಗೆ ಫೋನ್ ಮಾಡಿದರು. ರಾತ್ರಿ ಒಂಬತ್ತೂವರೆಗೆ ಹೊಸ ಬೀಗ ತೆಗೆಯಿತು. ಬಾಕಿ ಎಷ್ಟು, ಯಾವಾಗ ಕೊಡುವುದು ಅನ್ನುವ ಮಾತು ಮಾರನೇ ದಿನ ಆಯಿತು.

ನಿಮ್ಮ ಮನೆಗೂ ಬೀಗ ಬಿದ್ದರೆ ಅದನ್ನು ಒಡೆಯಲು ಹೋಗಬೇಡಿ. ಜಗಳ ಕೈಮೀರಿದರೆ ನಿಮ್ಮ ಮೇಲೇ ಕೇಸ್ ಹಾಕಿಸುತ್ತಾರೆ. ಫೋಟೊ, ವಿಡಿಯೊ ತೆಗೆದು 112ಕ್ಕೆ ಫೋನ್ ಮಾಡಿ. ಅದೇ ದಿನ ಸ್ಟೇಷನ್‌ನಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಕೇಳಿ. ಬೆದರಿಸುವ ಉದ್ದೇಶದಿಂದ ಇನ್ನೊಬ್ಬರ ಸ್ವಾಧೀನದಲ್ಲಿರುವ ಮನೆಗೆ ನುಗ್ಗುವುದು ಅತಿಕ್ರಮ ಪ್ರವೇಶ. ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಅದನ್ನು ಅಪರಾಧ ಅನ್ನುತ್ತದೆ. ನುಗ್ಗಿದವರು ಆ ಮನೆಯ ಮಾಲೀಕರೇ ಆಗಿದ್ದರೂ ಅಷ್ಟೇ, ಕಾನೂನು ನೋಡುವುದು ಸ್ವಾಧೀನ ಯಾರದು ಅಂತ. ಬೆದರಿಕೆಗೆ 351ನೇ ಕಲಂ ಇದೆ. ಈ ಎರಡು ನಂಬರುಗಳನ್ನು ದೂರಿನಲ್ಲಿ ಬರೆಯಿರಿ. ಪೊಲೀಸರು ಕ್ರಮ ತಗೊಳ್ಳದೆ "ಇದು ಸಿವಿಲ್ ಸ್ವರೂಪದ್ದು" ಅಂತ ಹಿಂಬರಹ ಕೊಟ್ಟರೆ ಆ ಕಾಗದವನ್ನೂ ಜೋಪಾನವಾಗಿ ಇಟ್ಟುಕೊಳ್ಳಿ. ನೀವು ಯಾವ ದಿನ ಹೋಗಿ ಏನು ದೂರು ಕೊಟ್ಟಿರಿ ಅನ್ನುವುದಕ್ಕೆ ಅದೇ ಸಾಕ್ಷಿ.

ಪೊಲೀಸರಿಂದ ಕೆಲಸ ಆಗದೆ ನೀವು ನಿಜವಾಗಿ ಹೊರಗೆ ಬಿದ್ದುಬಿಟ್ಟರೆ ನಿರ್ದಿಷ್ಟ ಪರಿಹಾರ ಕಾಯ್ದೆ, 1963ರ 6ನೇ ಕಲಂ ಇದೆ. ಕಾನೂನಿನ ಪ್ರಕಾರವಲ್ಲದೆ ಹೊರಹಾಕಲ್ಪಟ್ಟವರು ಸ್ವಾಧೀನ ವಾಪಸ್ ಕೇಳಿ ದಾವೆ ಹಾಕಬಹುದು. ಹೊರಹಾಕಿದ ದಿನದಿಂದ ಆರು ತಿಂಗಳೊಳಗೆ ಹಾಕಬೇಕು. ಆ ದಾವೆಯಲ್ಲಿ ಮನೆ ಯಾರ ಹೆಸರಲ್ಲಿದೆ ಅನ್ನುವ ಚರ್ಚೆಯೇ ಬರುವುದಿಲ್ಲ. ನೀವು ಇದ್ದಿರಾ, ಬಲವಂತವಾಗಿ ಹಾಕಿದರಾ, ಇಷ್ಟೇ ನೋಡುತ್ತಾರೆ. ಇನ್ನೂ ಒಳಗೇ ಇದ್ದೀರಿ, ಆದರೆ ಯಾವತ್ತು ಬೀಗ ಬೀಳುತ್ತದೋ ಅನ್ನುವ ಭಯ ಇದೆ ಅಂದರೆ ಈಗಲೇ ತಡೆಯಾಜ್ಞೆ ಕೇಳಬಹುದು. ಕಾನೂನಿನ ಪ್ರಕಾರವಲ್ಲದೆ ಹೊರಹಾಕಬಾರದು ಅಂತ ಕೋರ್ಟ್ ಓನರ್‌ಗೆ ಹೇಳುತ್ತದೆ. ಅಲ್ಲಿ ಜಡ್ಜ್ ಕೇಳುವ ಮೊದಲ ಪ್ರಶ್ನೆ ಬಾಕಿ ಎಷ್ಟು, ಯಾವಾಗ ಕಟ್ಟುತ್ತೀರಿ ಅಂತಲೇ ಇರುತ್ತದೆ. ಕೈಯಲ್ಲಿ ಸ್ವಲ್ಪವಾದರೂ ಹಣ, ಒಂದು ಕಂತಿನ ಲೆಕ್ಕ ಇಟ್ಟುಕೊಂಡು ಹೋಗಬೇಕು.

ಫ್ಯೂಸ್ ಕೀಳುವುದು ಬೀಗ ಹಾಕುವುದರ ತಮ್ಮ ಇದ್ದ ಹಾಗೆ. ಬಲವಂತವಾಗಿ ಓಡಿಸುವ ಇನ್ನೊಂದು ದಾರಿ. ಕರೆಂಟ್ ಮೂಲಭೂತ ಸೌಕರ್ಯ, ಓನರ್ ಒಪ್ಪಿಗೆ ಪತ್ರ ಕೊಡಲಿಲ್ಲ ಅನ್ನುವ ಕಾರಣಕ್ಕೆ ಬಾಡಿಗೆದಾರರಿಗೆ ಕರೆಂಟ್ ನಿರಾಕರಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಬಿಲ್ ಕಟ್ಟಿಲ್ಲ ಅಂದರೂ ವಿದ್ಯುತ್ ಕಂಪನಿಯೇ 15 ದಿನದ ಲಿಖಿತ ನೋಟಿಸ್ ಕೊಡದೆ ಲೈನ್ ತೆಗೆಯುವ ಹಾಗಿಲ್ಲ. ಓನರ್‌ಗಂತೂ ಆ ಅಧಿಕಾರವೇ ಇಲ್ಲ. ಹಾಗಾಗಿ ಬಾಡಿಗೆ ನಿಂತರೂ ಕರೆಂಟ್ ಬಿಲ್ ಮಾತ್ರ ನಿಲ್ಲಿಸಬೇಡಿ, ನಿಮ್ಮ ಫೋನಿಂದಲೇ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಗೃಹಜ್ಯೋತಿಗೆ ಆ ಮನೆಯ ಆರ್‌ಆರ್ ನಂಬರ್ ಜೊತೆ ನಿಮ್ಮ ಆಧಾರ್ ಜೋಡಿಸಿದ್ದರೆ ಅದರ ದಾಖಲೆಯನ್ನೂ ತೆಗೆದಿಡಿ. ನೀವು ಆ ಮನೆಯಲ್ಲೇ ವಾಸವಿದ್ದಿರಿ ಅನ್ನುವುದಕ್ಕೆ ಗ್ಯಾಸ್ ಬುಕಿಂಗ್, ಮಕ್ಕಳ ಸ್ಕೂಲ್ ವಿಳಾಸದಷ್ಟೇ ಅದೂ ಉಪಯೋಗಕ್ಕೆ ಬರುತ್ತದೆ.

ಒಳಗೆ ಹಾಕಿಸುತ್ತೇನೆ ಅನ್ನುವ ಮಾತಿಗೆ ಹೆದರಬೇಡಿ. ಬಾಡಿಗೆ ಕೊಡದಿರುವುದು ಅಪರಾಧ ಅಲ್ಲ. 2022ರ ಮಾರ್ಚ್‌ನಲ್ಲಿ ಇಂಥದ್ದೇ ಕೇಸಿನಲ್ಲಿ, ಬಾಡಿಗೆ ಬಾಕಿಗೆ ಸಿವಿಲ್ ಪರಿಣಾಮಗಳು ಇರಬಹುದು, ಆದರೆ ದಂಡ ಸಂಹಿತೆಯಲ್ಲಿ ಅದು ಅಪರಾಧ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಎಫ್‌ಐಆರ್ ರದ್ದು ಮಾಡಿತ್ತು. ಸ್ಟೇಷನ್‌ಗೆ ಕರೆದರೆ ಹೋಗಿ, ಮರ್ಯಾದೆಯಿಂದ ಮಾತಾಡಿ. ಅಲ್ಲಿ "ಇಂಥ ದಿನ ಖಾಲಿ ಮಾಡುತ್ತೇನೆ" ಅಂತ ಮುಚ್ಚಳಿಕೆ ಬರೆದುಕೊಡಿ ಅಂದರೆ ಮಾತ್ರ ವಕೀಲರನ್ನು ಕೇಳಿ ಹೇಳುತ್ತೇನೆ ಅನ್ನಿ. ಆ ತಾರೀಖು ನಿಮ್ಮಿಂದ ಆಗುವಂಥದ್ದಾ ಅಂತ ಯೋಚಿಸಲು ಒಂದು ದಿನ ಬೇಕಲ್ವಾ?

ಇನ್ನು ಒಂದು ಎಚ್ಚರಿಕೆ. ಇದನ್ನು ದಯವಿಟ್ಟು ಎರಡು ಸಲ ಓದಿ. ಓನರ್‌ನ ಸಮಾಧಾನ ಮಾಡಲು ಚೆಕ್ ಕೊಡಬೇಡಿ. ಬಾಕಿ ಬಾಡಿಗೆ ಸಿವಿಲ್ ವಿಷಯ. ಆದರೆ ಅದೇ ಬಾಕಿಗೆ ನೀವು ಕೊಟ್ಟ ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಬರುತ್ತದೆ, ಅದು ಕ್ರಿಮಿನಲ್ ಕೇಸ್. ನೋಟಿಸ್ ತಲುಪಿ 15 ದಿನದಲ್ಲಿ ಹಣ ಕೊಡದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅಲೆಯಬೇಕಾಗುತ್ತದೆ. "ಸುಮ್ನೆ ಸೆಕ್ಯೂರಿಟಿಗೆ ಅಂತ ಒಂದು ಖಾಲಿ ಚೆಕ್ ಇರ್ಲಿ" ಅನ್ನುತ್ತಾರೆ, ಕೊಡಬೇಡಿ. ಖಾಲಿ ಛಾಪಾ ಕಾಗದಕ್ಕೂ ಸಹಿ ಬೇಡ. ಬಾಡಿಗೆ ಕಟ್ಟಲು ಲೋನ್ ಆಪ್‌ನಿಂದ ಸಾಲ ತೆಗೆಯುವ ಯೋಚನೆ ಇದ್ದರೆ ಅದನ್ನೂ ಬಿಡಿ. ಓನರ್ ಒಬ್ಬರು, ಎದುರಿಗೆ ಕೂತು ಮಾತಾಡಬಹುದು. ಈಗಾಗಲೇ ತೆಗೆದಿದ್ದರೆ, ಬ್ಯಾಂಕು ಮತ್ತು ಹಣಕಾಸು ಕಂಪನಿಗಳ ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿರುವುದು ನೆನಪಿರಲಿ. ನಿಮ್ಮ ಓನರ್ ಕಳಿಸಿದ ಹುಡುಗರಿಗೆ ಬೆಳಿಗ್ಗೆ, ಸಂಜೆ ಯಾವ ಹೊತ್ತಿಗೂ ಬಾಗಿಲಲ್ಲಿ ನಿಂತು ಬೆದರಿಸುವ ಅಧಿಕಾರ ಇಲ್ಲ. ಮತ್ತೆ ಬಂದರೆ ಬಾಗಿಲು ತೆಗೆಯದೆ ಕಿಟಕಿಯಿಂದ ವಿಡಿಯೊ ಮಾಡಿ.

ಈಗ ನೋಟಿಸಿಗೆ ಬರೋಣ. ಮೊದಲು ಲಕೋಟೆ ಎಸೆಯಬೇಡಿ. ನೋಟಿಸ್ ನಿಮ್ಮ ಕೈಗೆ ಬಂದ ತಾರೀಖನ್ನು ಅದರ ಮೇಲೆ ಬರೆದಿಡಿ, ಯಾಕೆಂದರೆ ಹದಿನೈದು ದಿನ ಎಣಿಸುವುದು ಆವತ್ತಿನಿಂದ. ಪೋಸ್ಟ್‌ಮ್ಯಾನ್ ತಂದದ್ದನ್ನು ತಗೊಳ್ಳದೆ ವಾಪಸ್ ಕಳಿಸಿದರೆ ಬಚಾವಾಗುತ್ತೇವೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಸರಿಯಾದ ವಿಳಾಸಕ್ಕೆ ಬಂದದ್ದನ್ನು ಬೇಡ ಅಂದರೆ ತಲುಪಿದೆ ಅಂತಲೇ ಕೋರ್ಟ್ ಹಿಡಿಯುತ್ತದೆ. ಒಳಗೆ ಏನಿದೆ ಅಂತ ತಿಳಿಯುವ ಅವಕಾಶ ಮಾತ್ರ ನಿಮಗೆ ತಪ್ಪುತ್ತದೆ.

ನಿಮಗೆ ಯಾವ ಕಾನೂನು ಅನ್ವಯ ಅನ್ನುವುದು ಮುಖ್ಯ, ಯಾಕೆಂದರೆ ಇಲ್ಲೇ ಗೊಂದಲ ಜಾಸ್ತಿ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಅಂತ ಒಂದಿದೆ. 2001ರ ಕೊನೆಯಲ್ಲಿ ಜಾರಿಗೆ ಬಂತು. ಬಾಡಿಗೆದಾರರಿಗೆ ಅದರಲ್ಲಿ ಒಳ್ಳೆಯ ರಕ್ಷಣೆ ಇದೆ. 27ನೇ ಕಲಮಿನಲ್ಲಿ ಹೇಳಿದ ಕಾರಣಗಳಿದ್ದರೆ ಮಾತ್ರ ಖಾಲಿ ಮಾಡಿಸಬಹುದು. ಬಾಕಿ ಕೇಳಿ ನೋಟಿಸ್ ಬಂದ ಎರಡು ತಿಂಗಳೊಳಗೆ ಪೂರ್ತಿ ಕಟ್ಟಿಬಿಟ್ಟರೆ ಬಾಕಿಯ ಕಾರಣಕ್ಕೆ ಹೊರಹಾಕುವಂತಿಲ್ಲ. ಆದರೆ ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500, ಉಳಿದ ಕಡೆ 2,000 ರೂಪಾಯಿ ಬಾಡಿಗೆ ಮೀರಿದ ಮನೆಗಳು ಆ ಕಾಯ್ದೆಯಿಂದ ಹೊರಗೆ. ಇಷ್ಟು ವರ್ಷದಲ್ಲಿ ಬಾಡಿಗೆ ಎಲ್ಲಿಗೆ ಹೋಗಿದೆ ಅಂತ ನಿಮಗೇ ಗೊತ್ತು. ಇವತ್ತು ಊರಲ್ಲಿ ಬಾಡಿಗೆಗಿರುವ ಹೆಚ್ಚಿನ ಕುಟುಂಬಗಳಿಗೆ ಆ ರಕ್ಷಣೆ ಕಾಗದದ ಮೇಲೆ ಮಾತ್ರ ಉಳಿದಿದೆ. ಈ ಮಿತಿಯನ್ನು ಏರಿಸಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 13,000 ಬಾಡಿಗೆಯ ನೀವು ಅದರ ಹೊರಗಿದ್ದೀರಿ.

ವಾಟ್ಸಾಪ್‌ನಲ್ಲಿ ಓಡಾಡುವ "ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳುವಂತಿಲ್ಲ" ಅನ್ನುವ ಮಾತನ್ನೂ ನಂಬಿ ಕೂರಬೇಡಿ. ಅದು 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಿಂದ ಬಂದದ್ದು. ರಾಜ್ಯ ಅದನ್ನು ತನ್ನ ಕಾನೂನಾಗಿ ತರುವವರೆಗೆ ಇಲ್ಲಿನ ಕೋರ್ಟಿನಲ್ಲಿ ಅದು ನಡೆಯುವುದಿಲ್ಲ.

ಹಾಗಾಗಿ ನಿಮಗೆ ಅನ್ವಯಿಸುವುದು ಆಸ್ತಿ ವರ್ಗಾವಣೆ ಕಾಯ್ದೆ, 1882. ಅಗ್ರಿಮೆಂಟ್ ಮುಗಿದ ಮೇಲೂ ಓನರ್ ಬಾಡಿಗೆ ತಗೊಳ್ಳುತ್ತಾ ಬಂದಿದ್ದರಿಂದ 116ನೇ ಕಲಂ ಪ್ರಕಾರ ನೀವು ತಿಂಗಳಿಂದ ತಿಂಗಳಿಗೆ ಮುಂದುವರಿದ ಬಾಡಿಗೆದಾರರು. ಅಗ್ರಿಮೆಂಟ್ ಇಲ್ಲ, ಹಾಗಾಗಿ ನೀವು ಬಾಡಿಗೆದಾರರೇ ಅಲ್ಲ ಅಂತ ಯಾರಾದರೂ ಹೇಳಿದರೆ ಅದು ತಪ್ಪು. ಇಂಥ ಬಾಡಿಗೆಯನ್ನು ಕೊನೆ ಮಾಡಲು 106ನೇ ಕಲಂ ಪ್ರಕಾರ 15 ದಿನದ ಲಿಖಿತ ನೋಟಿಸ್ ಸಾಕು. ಇಲ್ಲಿ ಒಂದು ಕಹಿ ಸತ್ಯ ಹೇಳಲೇಬೇಕು. ಈ ನೋಟಿಸಿಗೆ ಓನರ್ ಕಾರಣ ಕೊಡಬೇಕಾಗಿಲ್ಲ. ನೀವು ನಾಳೆಯೇ 52,000 ಕಟ್ಟಿದರೂ ಮನೆ ನಿಮಗೇ ಉಳಿಯುತ್ತದೆ ಅಂತ ಖಾತ್ರಿ ಇಲ್ಲ. ನೋಟಿಸ್ ಕೊಟ್ಟ ಮೇಲೆ ಓನರ್ ಬಾಡಿಗೆ ತಗೊಂಡರು ಅಂದ ಮಾತ್ರಕ್ಕೆ ನೋಟಿಸ್ ಬಿದ್ದುಹೋಗುವುದೂ ಇಲ್ಲ. ಬಾಕಿ ಕಟ್ಟಿ ಬಾಡಿಗೆ ಉಳಿಸಿಕೊಳ್ಳುವ ಅವಕಾಶ 114ನೇ ಕಲಮಿನಲ್ಲಿ ಇದೆ ನಿಜ. ಆದರೆ ಅದು ಬಾಕಿಯ ಷರತ್ತು ಮುರಿದಿದ್ದಕ್ಕೆ ಅವಧಿಗೆ ಮುಂಚೆಯೇ ಗುತ್ತಿಗೆ ರದ್ದು ಮಾಡಿದಾಗ ಸಿಗುವಂಥದ್ದು. ಚಾಲ್ತಿಯಲ್ಲಿರುವ ಅಗ್ರಿಮೆಂಟ್ ಇರುವವರು ತಮ್ಮ ವಕೀಲರ ಹತ್ತಿರ ಅದನ್ನು ತಪ್ಪದೆ ಕೇಳಬೇಕು.

ಹದಿನೈದನೇ ದಿನ ಸಂಜೆ ಯಾರೂ ಬಂದು ನಿಮ್ಮನ್ನು ಎಬ್ಬಿಸುವಂತಿಲ್ಲ. ಆ ಗಡುವು ಮುಗಿದ ಮೇಲೆ ಓನರ್‌ಗೆ ಸಿಗುವುದು ದಾವೆ ಹಾಕುವ ಹಕ್ಕು ಮಾತ್ರ. ಬೆಂಗಳೂರಿನಲ್ಲಿ ಇಂಥ ದಾವೆಗಳು ಸಾಮಾನ್ಯವಾಗಿ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ನಡೆಯುತ್ತವೆ. ಹಾಗಾದರೆ ನಿಮ್ಮ ಕೈಯಲ್ಲಿ ಇರುವುದೇನು? ಸಮಯ. ಅದನ್ನು ಹೇಗೆ ಬಳಸುತ್ತೀರಿ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಒಂದು ಹಾಳೆ ತಗೊಂಡು ಲೆಕ್ಕ ಹಾಕಿ. ಅಡ್ವಾನ್ಸ್ 80,000. ಬಾಕಿ 52,000. ಉಳಿದದ್ದು 28,000. ಅಗ್ರಿಮೆಂಟಿನಲ್ಲಿ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುತ್ತೇವೆ ಅಂತ ಬರೆದಿದ್ದರೆ ಇನ್ನೂ 13,000 ಹೋಯಿತು, ಉಳಿದದ್ದು 15,000. ಅಂಥ ಸಾಲು ಇಲ್ಲದಿದ್ದರೆ ಮಾಮೂಲಿ ಬಳಕೆಯಿಂದ ಗೋಡೆ ಮಾಸಿದ್ದಕ್ಕೆ ಹಣ ಹಿಡಿಯಲು ಆಧಾರವಿಲ್ಲ, ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಸಹಜ ಸವೆತವನ್ನು ಬಾಡಿಗೆದಾರರ ತಲೆಗೆ ಕಟ್ಟುವುದಿಲ್ಲ. ಅಂದರೆ ಓನರ್ ಕೈಯಲ್ಲಿ ಇವತ್ತೂ ನಿಮ್ಮ ಹಣವೇ ಜಾಸ್ತಿ ಇದೆ. ಇನ್ನೆರಡು ಮೂರು ತಿಂಗಳು ಹೀಗೇ ನಡೆದರೆ ಅದು ತಿರುಗುಮುರುಗಾಗುತ್ತದೆ. ಹಾಗಂತ "ಅಡ್ವಾನ್ಸ್ ಇದೆಯಲ್ಲ, ಅದರಲ್ಲಿ ಮುರ್ಕೊಳ್ಳಲಿ" ಅಂತ ನಿಮ್ಮಷ್ಟಕ್ಕೆ ನೀವೇ ಬಾಡಿಗೆ ನಿಲ್ಲಿಸಬೇಡಿ. ಅಡ್ವಾನ್ಸ್ ಖಾಲಿ ಮಾಡುವಾಗ ವಾಪಸ್ ಬರಬೇಕಾದ ಹಣ. ನಡುವೆ ಅದರಲ್ಲಿ ಮುರಿಯಲು ಓನರ್ ಒಪ್ಪಿಗೆ ಬೇಕು, ಅದೂ ಬರವಣಿಗೆಯಲ್ಲಿ.

ಈ ಲೆಕ್ಕ ಕೈಯಲ್ಲಿಟ್ಟುಕೊಂಡು ಉತ್ತರ ಬರೆಯಿರಿ. ವಕೀಲರಿಂದ ಬರೆಸಿದರೆ ಒಳ್ಳೆಯದು. ಆಗದಿದ್ದರೆ ನೀವೇ ಹೀಗೆ ಬರೆಯಬಹುದು:

"ನಿಮ್ಮ ಇಂಥ ತಾರೀಖಿನ ನೋಟಿಸ್ ನಮಗೆ ಇಂಥ ದಿನ ತಲುಪಿದೆ. ಇಂಥ ನಾಲ್ಕು ತಿಂಗಳ ಬಾಡಿಗೆ 52,000 ರೂಪಾಯಿ ಬಾಕಿ ಇರುವುದನ್ನು ಒಪ್ಪುತ್ತೇವೆ. ನಮ್ಮ ಅಡ್ವಾನ್ಸ್ 80,000 ರೂಪಾಯಿ ನಿಮ್ಮ ಬಳಿ ಇದೆ. ನಮ್ಮ ಮನೆಯವರ ಕೆಲಸ ಹೋಗಿದ್ದರಿಂದ ಈ ತೊಂದರೆ ಆಗಿದೆ. ಮುಂದಿನ ತಿಂಗಳಿಂದ ಬಾಡಿಗೆಯ ಜೊತೆ ತಿಂಗಳಿಗೆ 5,000 ಬಾಕಿಗೆ ಕಟ್ಟಲು ಸಿದ್ಧರಿದ್ದೇವೆ. ಅದು ಒಪ್ಪಿಗೆ ಇಲ್ಲವಾದರೆ ಇಂಥ ತಾರೀಖಿಗೆ ಮನೆ ಖಾಲಿ ಮಾಡುತ್ತೇವೆ, ಬಾಕಿ ಹಿಡಿದು ಉಳಿದ ಅಡ್ವಾನ್ಸನ್ನು ಕೀಲಿ ಕೊಡುವ ದಿನವೇ ಕೊಡಬೇಕು. ಇಂಥ ರಾತ್ರಿ ಕರೆಂಟ್ ತೆಗೆದಿದ್ದೀರಿ, ಇಂಥ ದಿನ ಜನರನ್ನು ಕಳಿಸಿದ್ದೀರಿ. ಇನ್ನು ಮುಂದೆ ಹೀಗೆ ಮಾಡಬಾರದು ಅಂತ ಕೋರುತ್ತೇವೆ."

ಓನರ್‌ಗೂ ಅವರ ವಕೀಲರಿಗೂ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಬಾಕಿ ಒಪ್ಪಿಕೊಂಡರೆ ಸಿಕ್ಕಿಹಾಕಿಕೊಳ್ಳುವುದಿಲ್ಲವಾ ಅಂತ ನೀವು ಕೇಳಬಹುದು. ನಿಜವಾದ ಬಾಕಿಯನ್ನು ಇಲ್ಲ ಅಂದರೆ ಬ್ಯಾಂಕ್ ಪಾಸ್‌ಬುಕ್ಕೇ ನಿಮ್ಮ ವಿರುದ್ಧ ಮಾತಾಡುತ್ತದೆ. ನೋಟಿಸಿನಲ್ಲಿ ಬಾಕಿ ಜಾಸ್ತಿ ತೋರಿಸಿದ್ದರೆ ಮಾತ್ರ, ಇಂಥ ತಿಂಗಳದ್ದು ಇಂಥ ದಿನ ಕಟ್ಟಿದ್ದೇವೆ ಅಂತ ಬಿಡಿಸಿ ಬರೆಯಿರಿ. ಈ ತಿಂಗಳು ಕೈಲಾದಷ್ಟನ್ನು ಬ್ಯಾಂಕ್ ಮೂಲಕವೇ ಕಳಿಸಿ, ಯಾವ ತಿಂಗಳ ಬಾಡಿಗೆ ಅಂತ ನಮೂದಿಸಿ. ನಗದು ಕೊಟ್ಟರೆ ಸಹಿ ಮಾಡಿದ ರಸೀದಿ ಇಲ್ಲದೆ ಕೊಡಬೇಡಿ. ಅವರು ಹಣ ಬೇಡ ಅಂದರೆ ನೀವು ಕೊಡಲು ಹೋದಿರಿ ಅನ್ನುವ ದಾಖಲೆಯಾದರೂ ಉಳಿಯುತ್ತದೆ.

ದಾವೆ ಹಾಕಿದರು ಅಂತಲೇ ಇಟ್ಟುಕೊಳ್ಳೋಣ. ಸಮನ್ಸ್ ಬರುತ್ತದೆ. ಬಂದ ದಿನದಿಂದ 30 ದಿನದಲ್ಲಿ ನಿಮ್ಮ ಲಿಖಿತ ಹೇಳಿಕೆ ಸಲ್ಲಬೇಕು. ಕೋರ್ಟ್ ಒಪ್ಪಿದರೆ 90 ದಿನದವರೆಗೆ ಹೋಗಬಹುದು. ಹಾಜರೇ ಆಗದಿದ್ದರೆ ನಿಮ್ಮ ಮಾತು ಕೇಳದೆಯೇ ತೀರ್ಪು, ಅಂದರೆ ಏಕಪಕ್ಷೀಯ ಡಿಕ್ರಿ ಆಗುತ್ತದೆ. ಅದನ್ನು ರದ್ದು ಮಾಡಿಸಲು ಮತ್ತೆ 30 ದಿನದಲ್ಲಿ ಅರ್ಜಿ ಹಾಕಿ, ಯಾಕೆ ಬರಲಿಲ್ಲ ಅಂತ ವಿವರಿಸಬೇಕು. ಮೂರು ವರ್ಷಕ್ಕಿಂತ ಹಳೆಯ ಬಾಕಿಯನ್ನು ದಾವೆಯಲ್ಲಿ ಕೇಳುವಂತಿಲ್ಲ. ನಿಮಗೆ ಅದು ಬರುವುದಿಲ್ಲ, ಬೇರೆ ಓದುಗರಿಗೆ ಉಪಯೋಗವಾಗಲಿ ಅಂತ ಹೇಳಿದೆ.

ಕೇಸ್ ಎಳೆದಷ್ಟೂ ನಮಗೆ ಲಾಭ ಅಂತ ಕೆಲವರು ಸಲಹೆ ಕೊಡುತ್ತಾರೆ. ನಾನು ಒಪ್ಪುವುದಿಲ್ಲ. ಬಾಡಿಗೆ ಕೊನೆಯಾದ ಮೇಲೆ ಮನೆಯಲ್ಲಿ ಉಳಿದ ಅವಧಿಗೆ ಕೋರ್ಟ್ ಪರಿಹಾರ ಕೊಡಿಸುತ್ತದೆ. ಅದನ್ನು ವಕೀಲರು ಮೀನ್ ಪ್ರಾಫಿಟ್ಸ್ ಅನ್ನುತ್ತಾರೆ. ಹಳೆಯ ಬಾಡಿಗೆಯ ದರದಲ್ಲೇ ಇರಬೇಕು ಅಂತಿಲ್ಲ, ಆ ಬೀದಿಯಲ್ಲಿ ಈಗ ನಡೆಯುತ್ತಿರುವ ದರದಲ್ಲೂ ಲೆಕ್ಕ ಹಾಕಬಹುದು. ಮೇಲೆ ಕೋರ್ಟ್ ಖರ್ಚು. ಕೆಲಸ ಇಲ್ಲದ ಮನೆಗೆ ಅದು ದೊಡ್ಡ ಹೊರೆ. ಮೊದಲ ಒಂದೆರಡು ತಾರೀಖಿನಲ್ಲೇ ರಾಜಿಗೆ ಸಿದ್ಧ ಅಂತ ಹೇಳುವುದು ಒಳ್ಳೆಯದು. ಲೋಕ ಅದಾಲತ್ತಿಗೂ ಕಳಿಸಲು ಕೇಳಬಹುದು. ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಸಮಯ, ಕಂತು, ಅಡ್ವಾನ್ಸ್ ಲೆಕ್ಕ, ಎಲ್ಲವನ್ನೂ ಅಲ್ಲಿ ಬರೆಸಬಹುದು. ಆದರೆ ಅಲ್ಲಿ ಆದ ಒಪ್ಪಂದಕ್ಕೆ ಕೋರ್ಟಿನ ಡಿಕ್ರಿಯಷ್ಟೇ ಬಲ, ಅದರ ಮೇಲೆ ಅಪೀಲು ಇಲ್ಲ. ನಿಮ್ಮಿಂದ ಆಗದ ತಾರೀಖಿಗೆ ತಲೆಯಾಡಿಸಬೇಡಿ.

ಡಿಕ್ರಿ ಆದ ಮೇಲೂ ಓನರ್ ಸೀದಾ ಬಂದು ಸಾಮಾನು ಎಸೆಯುವ ಹಾಗಿಲ್ಲ. ಅವರು ಡಿಕ್ರಿ ಜಾರಿ ಮಾಡಿಸಿ ಅಂತ ಕೋರ್ಟಿಗೆ ಅಮಲ್ಜಾರಿ ಅರ್ಜಿ ಹಾಕಬೇಕು, ಕೋರ್ಟಿನ ಅಮೀನರು ವಾರಂಟ್ ಹಿಡಿದು ಬರಬೇಕು. ಹಣದ ಡಿಕ್ರಿಗೆ ಜಪ್ತಿ ಮಾಡುವಾಗಲೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಗೆರೆ ಎಳೆದಿದೆ. ಮೈಮೇಲಿನ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ, ಕುಶಲಕರ್ಮಿಯ ಕೆಲಸದ ಸಲಕರಣೆ ಮುಟ್ಟುವಂತಿಲ್ಲ. ಧರ್ಮದ ಆಚಾರದಂತೆ ಹೆಣ್ಣುಮಕ್ಕಳು ಮೈಯಿಂದ ತೆಗೆಯಬಾರದ ಒಡವೆಯನ್ನೂ ಮುಟ್ಟುವಂತಿಲ್ಲ. ತಾಳಿ ಅಡ ಇಟ್ಟು ಬಾಡಿಗೆ ಕಟ್ಟಿ ಅಂತ ಗದರಿಸುವವರಿಗೆ ಈ ಸಾಲು ಓದಿ ಹೇಳಿ. ಸಂಬಳದಲ್ಲಿ ಮೊದಲ 1,000 ಮತ್ತು ಉಳಿದದ್ದರ ಮೂರರಲ್ಲಿ ಎರಡು ಪಾಲು ನಿಮ್ಮದೇ. ನಿಮ್ಮ ಮನೆಯವರಿಗೆ ಮುಂದೆ 16,000 ಸಂಬಳದ ಕೆಲಸ ಸಿಕ್ಕಿತು ಅಂದುಕೊಳ್ಳಿ, 11,000 ಮುಟ್ಟುವಂತಿಲ್ಲ, ಜಪ್ತಿಗೆ ಸಿಗುವುದು 5,000. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸಲು ಕೋರ್ಟಿಗೂ ಅಧಿಕಾರವಿಲ್ಲ, 56ನೇ ಕಲಂ ಅದನ್ನು ನೇರವಾಗಿ ತಡೆಯುತ್ತದೆ. ಇದೆಲ್ಲ ಡಿಕ್ರಿ ಆದ ಮೇಲಿನ ಮಾತು. ಡಿಕ್ರಿಯೇ ಇಲ್ಲದೆ "ಟಿವಿ ಎತ್ತುತ್ತೇನೆ, ಬೈಕ್ ಇಟ್ಕೊಳ್ತೇನೆ" ಅನ್ನಲು ಯಾರಿಗೂ ಹಕ್ಕಿಲ್ಲ.

ವಕೀಲರ ಫೀಸಿಗೆ ಎಲ್ಲಿಂದ ತರೋಣ ಅಂತ ಕೊರಗಬೇಡಿ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ 12ನೇ ಕಲಂ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೂ ಇದೆ. 15100ಕ್ಕೆ ಫೋನ್ ಮಾಡಿ, ಇಲ್ಲವೇ ಕೋರ್ಟ್ ಆವರಣದಲ್ಲಿರುವ ಕಾನೂನು ಸೇವೆಗಳ ಕಚೇರಿಗೆ ನೇರವಾಗಿ ಹೋಗಿ. ಅರ್ಜಿ ನಿಮ್ಮ ಹೆಸರಿನಲ್ಲೇ ಕೊಡಿ. ನೋಟಿಸ್, ಹಳೆಯ ಅಗ್ರಿಮೆಂಟ್, ಬಾಡಿಗೆ ಕಟ್ಟಿದ ಬ್ಯಾಂಕ್ ವಿವರ, ಆಧಾರ್ ತಗೊಂಡು ಹೋಗಿ. ಓನರ್ ಕಳಿಸಿದ ವಾಟ್ಸಾಪ್ ಮೆಸೇಜು, ಆಡಿಯೊ ಯಾವುದನ್ನೂ ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದಿದ್ದೇವಲ್ಲ ಅಂತ ಆ ಫೋನ್ ಮಾರಲೂಬೇಡಿ, ಸಾಕ್ಷ್ಯಕ್ಕೆ ಮೂಲ ಬೇಕಾಗಬಹುದು.

ಕೊನೆಗೆ ಖಾಲಿ ಮಾಡುವುದೇ ಸರಿ ಅಂತ ನೀವೇ ತೀರ್ಮಾನಿಸಿದರೆ, ನಿಮ್ಮ ಲೆಕ್ಕ ನೋಡಿದರೆ ನನಗೂ ಅದೇ ಕಡಿಮೆ ನಷ್ಟದ ದಾರಿ ಅನಿಸುತ್ತದೆ, ಸಾಮಾನು ಲಾರಿಗೆ ಏರಿಸಿದ ಮೇಲೆ ಒಂದು ಗಂಟೆ ಉಳಿಯಿರಿ. ಖಾಲಿ ಮನೆಯ ಪ್ರತಿ ಗೋಡೆ, ಬಚ್ಚಲಿನ ನಲ್ಲಿ, ಸ್ವಿಚ್ ಬೋರ್ಡ್ ವಿಡಿಯೊ ಮಾಡಿ. ಮೀಟರಿನ ರೀಡಿಂಗ್ ಕಾಣುವ ಹಾಗೆ ಒಂದು ಫೋಟೊ ತೆಗೆಯಿರಿ. ಎಷ್ಟು ಕೀಲಿ ಕೊಟ್ಟಿರಿ, ಎಷ್ಟು ಬಾಕಿ ಹಿಡಿದರು, ಎಷ್ಟು ಅಡ್ವಾನ್ಸ್ ವಾಪಸ್ ಕೊಟ್ಟರು, ಇನ್ನು ಪರಸ್ಪರ ಬಾಕಿ ಏನೂ ಇಲ್ಲ ಅಂತ ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಹಣ ನಿಮ್ಮ ಖಾತೆಗೆ ಬಂದ ಮೆಸೇಜ್ ನೋಡಿದ ಮೇಲೆ ಕೀಲಿ ಕೊಡಿ. ಓನರ್ ಆವತ್ತು ಹಣ ಕೊಡದೆ ಸತಾಯಿಸಿದರೆ ಅವರು ಒಪ್ಪಿದ ಮೊತ್ತ, ಕೊಡುವ ತಾರೀಖನ್ನು ಅದೇ ಕಾಗದದಲ್ಲಿ ಬರೆಸಿಕೊಳ್ಳಿ. ಮುಂದೆ ಅಡ್ವಾನ್ಸಿಗಾಗಿ ನೀವು ದಾವೆ ಹಾಕಬೇಕಾಗಿ ಬಂದರೆ ಆ ಒಂದು ಹಾಳೆ ತುಂಬ ಕೆಲಸ ಮಾಡುತ್ತದೆ.